ಜಾಲತಾಣ ಕಟ್ಟುವವರು

ಮನೆ ಕಟ್ಟಿಸಿದವರ ಬವಣೆ ಎಲ್ಲರೂ ಬಲ್ಲದ್ದು. ಜಾಲತಾಣ ಕಟ್ಟಿಕೊಡುವವರ ಬವಣೆಯನ್ನು ಬಲ್ಲವರು ವಿರಳ. ಬೆಂಗಳೂರಿನ ಬಡಾವಣೆಗಳಲ್ಲಿ, ಔಷಧದಂಗಡಿಯ ಮಹಡಿಯ ಮೇಲೋ ಮನೆಯೊಂದರ ಮುಂಗೋಣೆಯಲ್ಲೋ ಐದಾರು ಮಂದಿ ಸೇರಿ ನಡೆಸುವ ಇಂಥ ಕಚೇರಿಗಳು ಹಲವಾರಿವೆ. ಒಬ್ಬರು ಪುಟಗಳ ರೂಪವನ್ನು ರಚಿಸುತ್ತಾರೆ. ಇಬ್ಬರು ಸಂಕೇತ ಬರೆದು ಅದಕ್ಕೆ ಚಲನೆ ಕೊಡುತ್ತಾರೆ. ಮತ್ತೊಬ್ಬರು ಗಿರಾಕಿಗಳ ದೂರವಾಣಿಗೆ ಉತ್ತರಿಸುತ್ತಾರೆ. ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಕಠಿಣವೆಂದರೆ ಅತಿಶಯೋಕ್ತಿಯಲ್ಲ. ಬೆಲೆ ಮೊದಲೇ ನಿಗದಿಯಾಗಿರುತ್ತದೆ. “ಇದೊಂದು ಚಿಕ್ಕ ಬದಲಾವಣೆ” ಎಂಬುದಕ್ಕೆ ಮಾತ್ರ ಮಿತಿಯಿಲ್ಲ.

ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿನ ಮುಂದಿಟ್ಟ ಮೊದಲ ಜಾಲತಾಣದಲ್ಲಿ ಅಕ್ಷರಗಳ ಹೊರತು ಅಲಂಕಾರವೇನೂ ಇರಲಿಲ್ಲ. ಇಂದು ಅದೇ ಪುಟ ಅಂಗೈಯಗಲದ ಫೋನಿನಲ್ಲಿಯೂ ಮೇಜಿನ ಮೇಲಿನ ದೊಡ್ಡ ತೆರೆಯಲ್ಲಿಯೂ ಒಪ್ಪವಾಗಿ ಕಾಣಬೇಕು. ಇಟ್ಟಿಗೆಗಳನ್ನೆಲ್ಲ ತಾವೇ ಸುಡಲು ಈ ಪುಟ್ಟ ತಂಡಗಳಿಗೆ ಬಿಡುವೆಲ್ಲಿ? ಅಪರಿಚಿತರು ಬರೆದು ಧರ್ಮಾರ್ಥವಾಗಿ ಹಂಚಿದ ಸಂಕೇತಗಳನ್ನು ತಂದು ಜೋಡಿಸುತ್ತಾರೆ. 2016ರ ಮಾರ್ಚಿಯಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲುಗಳ ಸಂಕೇತವನ್ನು ಅದರ ಕರ್ತೃ ಉಗ್ರಾಣದಿಂದ ಹಿಂತೆಗೆದುಕೊಂಡಾಗ, ದೇಶವಿದೇಶಗಳಲ್ಲಿ ಅಸಂಖ್ಯಾತ ಯೋಜನೆಗಳ ಕೆಲಸ ಕೆಲವು ಗಂಟೆಗಳ ಕಾಲ ಮುಗ್ಗರಿಸಿತು!

ಕನ್ನಡದ ಕೆಲಸವಾದರೆ ತೊಡಕು ಇಮ್ಮಡಿ. ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿರಿಸಿತ್ತು. ಆದರೂ ಬಹುಕಾಲ ನಮ್ಮ ಬರವಣಿಗೆ ನಡೆದದ್ದು ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ಆಕಾರಗಳು ಬಾಡಿಗೆಗೆ ಕುಳಿತಿದ್ದವು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಪುಟ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸಾಹಿತ್ಯ ಸಂಘವೊಂದು ಇಪ್ಪತ್ತು ವರ್ಷ ಕೂಡಿಟ್ಟ ಲೇಖನಗಳನ್ನು ಹೊಸ ತಾಣಕ್ಕೆ ಸಾಗಿಸಬೇಕೆಂದರೆ, ಒಂದೊಂದು ಆಕಾರವನ್ನೂ ಅಕ್ಷರವಾಗಿ ಪರಿವರ್ತಿಸಬೇಕು. ‘ಸೂರ್ಯ’ ಎಂಬ ಪದವನ್ನೇ ನೋಡಿ: ಹಳೆಯ ಪದ್ಧತಿಯಲ್ಲಿ, ಕೈಬರಹದಲ್ಲಿರುವಂತೆ, ಯಕಾರ ಮೊದಲು, ಅರ್ಕಾವೊತ್ತು ಅನಂತರ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರವೇ ಮೊದಲು. ಪರಿವರ್ತಕ ತಂತ್ರಾಂಶ ಇದನ್ನು ಮರೆತರೆ ಸೂರ್ಯನಿಗೆ ಗ್ರಹಣವೇ ಸರಿ.

ಇಷ್ಟಾದರೂ ಕಾಟ ತಪ್ಪುವುದಿಲ್ಲ. ಇಂಗ್ಲಿಷಿಗೆಂದು ಅಳೆದ ಸಾಲಿನೆತ್ತರದಲ್ಲಿ ‘ರಾಷ್ಟ್ರ’ದಂತಹ ಪದವನ್ನಿಟ್ಟರೆ ಕೆಳಗಿನ ಒತ್ತುಗಳ ಬಾಲ ಕತ್ತರಿಸಿಹೋಗುವುದುಂಟು. ಕನ್ನಡ ಬಾರದ ವಿನ್ಯಾಸಕಾರನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಆದ್ದರಿಂದ ಯಂತ್ರ ಮುಗಿಸಿದ ಮೇಲೆ ಮನುಷ್ಯರೊಬ್ಬರು ಕುಳಿತು ಪುಟಪುಟವನ್ನೂ ಮೂಲದೊಡನೆ ಹೋಲಿಸಿ ಓದಲೇಬೇಕು; ಮುದ್ರಣಾಲಯದ ಕರಡಚ್ಚು ತಿದ್ದುವವರ ಕೆಲಸವಿದು. ಸಂಘದವರು ಕೊಟ್ಟ ಹಣ ಅಷ್ಟರಲ್ಲಿ ತೀರಿರುತ್ತದೆ. ಸಾಮಾನ್ಯವಾಗಿ ಆ ಹೊಣೆ ದೂರವಾಣಿಗೆ ಉತ್ತರಿಸುವವರ ಪಾಲಿಗೇ ಬರುತ್ತದೆ. ಸಂಜೆ, ಕರೆಗಳು ನಿಂತ ಮೇಲೆ, ಅವರು ಓದತೊಡಗುತ್ತಾರೆ.