ನಿಂತ ಕಾರಿಗೂ ವಯಸ್ಸಾಗುತ್ತದೆ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಸಿದ್ಧಾರ್ಥನಗರದ ಬೀದಿಗಳಲ್ಲಿ ಬೆಳಿಗ್ಗೆ ನಡೆದು ಹೋದರೆ ಕವರ್ ಹೊದ್ದು ನಿಂತ ಕಾರುಗಳು ಮನೆಮನೆಯ ಮುಂದೆ ಕಾಣುತ್ತವೆ. ಯಜಮಾನರು ನಿವೃತ್ತರು. ಹಾಲು, ತರಕಾರಿಗೆ ಸ್ಕೂಟರ್ ಸಾಕು. ದೇವರಾಜ ಮಾರುಕಟ್ಟೆ ಕಡೆಗೆ ಕಾರು ಒಯ್ದರೆ ನಿಲ್ಲಿಸಲು ಜಾಗ ಸಿಗದು. ಕಾರು ಹೊರಗೆ ಬರುವುದು ಮದುವೆ ಮುಂಜಿಗೆ, ನಂಜನಗೂಡಿನ ದೇವರ ದರ್ಶನಕ್ಕೆ. ಐದಾರು ವರ್ಷವಾದರೂ ಇಪ್ಪತ್ತು ಸಾವಿರ ಕಿಲೋಮೀಟರ್ ಓಡದ ಕಾರುಗಳು ಈ ಊರಲ್ಲಿ ಬೇಕಾದಷ್ಟಿವೆ. ಮಾರುವಾಗ ‘ಕಡಿಮೆ ಓಡಿದೆ, ಹೊಸದರ ಹಾಗೇ ಇದೆ’ ಎಂದು ಹೇಳಿಸಿಕೊಳ್ಳುವ ಕಾರುಗಳಿವು. ನನಗೆ ಹೆಚ್ಚು ಆತಂಕ ಇವುಗಳ ಬಗ್ಗೆಯೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ವಾರಾಂತ್ಯಕ್ಕೆ ಬಂದು ಅಪ್ಪನ ಕಾರಿನ ಕೀ ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ನಲವತ್ತರ ವೇಗದಲ್ಲಿ ನಾಲ್ಕು ಬೀದಿ ಸುತ್ತಿದ ಕಾರು ಅರ್ಧ ಗಂಟೆಯೊಳಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ನೂರರಲ್ಲಿ ಓಡುತ್ತಿರುತ್ತದೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ಈ ದಶಪಥ ನಮ್ಮ ಊರಿನ ವಾಹನ ಸವಾರಿಯ ಸ್ವರೂಪವನ್ನೇ ಬದಲಿಸಿತು. ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿ ಒಂದರ ಹಿಂದೊಂದು ಬಂತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಹಿರಿಯ ಪೊಲೀಸ್ ಅಧಿಕಾರಿ ಅಲೋಕ್ ಕುಮಾರ್ ರಸ್ತೆಯನ್ನು ಖುದ್ದಾಗಿ ಪರಿಶೀಲಿಸಿದರು. ಗಂಟೆಗೆ 100 ಕಿ.ಮೀ. ಮಿತಿಯನ್ನು ಕಟ್ಟುನಿಟ್ಟಾಗಿ ಜಾರಿ ಮಾಡಲಾಯಿತು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥ ಮುಚ್ಚಿತು. ರಸ್ತೆ, ಕ್ಯಾಮೆರಾ, ದಂಡಗಳ ಬಗ್ಗೆ ಬಹಳ ಚರ್ಚೆಯಾಗಿದೆ. ರಸ್ತೆಗಿಳಿಯುವ ಕಾರಿನ ಸ್ಥಿತಿಯ ಬಗ್ಗೆ ಅಷ್ಟು ಆಗಿಲ್ಲ.

ಟೈರಿನಿಂದ ಶುರುಮಾಡೋಣ. ಟೈರಿನ ವಿಷಯದಲ್ಲಿ ಮೈಸೂರಿಗೆ ಹೆಮ್ಮೆಯೂ ಇದೆ. ಕೆಆರ್‌ಎಸ್ ರಸ್ತೆಯ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರ್ಸ್ ಕಾರ್ಖಾನೆ ನಡೆಯಿತು; 1997ರಲ್ಲಿ ಅದು ಜೆಕೆ ಟೈರ್ ಕೈಸೇರಿತು. ಹಳಬರ ಬಾಯಲ್ಲಿ ಅದು ಇವತ್ತಿಗೂ ‘ವಿಕ್ರಾಂತ್ ಫ್ಯಾಕ್ಟರಿ’. ಅಲ್ಲಿ ದುಡಿದು ನಿವೃತ್ತರಾದವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ರಬ್ಬರು ಓಡಿದರೆ ಸವೆಯುತ್ತದೆ, ನಿಂತರೆ ಒಣಗುತ್ತದೆ ಎಂದು ಅವರನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಬಿಸಿಲು ಮತ್ತು ಗಾಳಿಯ ಆಮ್ಲಜನಕ ರಬ್ಬರನ್ನು ಗಡುಸು ಮಾಡುತ್ತವೆ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಮೇಲಿನ ಅಚ್ಚು ಮಾತ್ರ ಹೊಸದರಂತೆ ಕಾಣುತ್ತದೆ.

ಆದ್ದರಿಂದ ಅಚ್ಚು ನೋಡಿ ಸಮಾಧಾನಪಡಬೇಡಿ. ಗೋಡೆಯ ಮೇಲೆ ‘ಡಿಒಟಿ’ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು ಅದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರಿಣತರಿಗೆ ತೋರಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ಬದಲಿಸಿ ಎಂದು ಮಿಶೆಲಿನ್‌ನಂಥ ಕಂಪನಿಗಳು ಹೇಳುತ್ತವೆ. ಬಿಸಿಲಲ್ಲಿ ನಿಂತು ದೂರದ ಪ್ರಯಾಣಕ್ಕೆ ಮಾತ್ರ ಹೊರಡುವ ಕಾರಿನಲ್ಲಿ ಅಷ್ಟು ಕಾಯುವುದು ನನಗೆ ಸರಿಕಾಣದು. ಬಿರುಕು ಬಿಟ್ಟಿದ್ದರೆ ಆರನೇ ವರ್ಷಕ್ಕೇ ತೆಗೆಸಿ ಎನ್ನುತ್ತೇನೆ. ಅಚ್ಚಿನ ಆಳಕ್ಕೂ ಮಿತಿಯಿದೆ: ಸಂದುಗಳೊಳಗೆ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಅಚ್ಚು ಅವುಗಳ ಮಟ್ಟಕ್ಕೆ ಸವೆದರೆ ಆ ಟೈರಿನ ಕೆಲಸ ಮುಗಿಯಿತು.

ಇನ್ನು ಗಾಳಿ. ಪಂಕ್ಚರ್ ಆಗದಿದ್ದರೂ ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ನಾಲ್ಕು ತಿಂಗಳು ನಿಂತ ಕಾರಿನಲ್ಲಿ ಕೊರತೆ ಎಷ್ಟೆಂದು ನೀವೇ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆಂದು ಗಾಳಿ ಕಡಿಮೆ ಹೊಡೆಸುವವರೂ ಇದ್ದಾರೆ. ಇದು ತೀರಾ ಅಪಾಯದ ನಂಬಿಕೆ. ಗಾಳಿ ಕಡಿಮೆಯಿದ್ದಾಗ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ಆ ಬಾಗುವಿಕೆಯೇ ಶಾಖವಾಗುತ್ತದೆ. ಶಾಖಕ್ಕೆ ಪದರಗಳ ಬೆಸುಗೆ ಬಿಡುತ್ತದೆ. ವೇಗ ಹೆಚ್ಚಿದಷ್ಟೂ, ಡಿಕ್ಕಿಯಲ್ಲಿ ಸಾಮಾನು ತುಂಬಿದಷ್ಟೂ ಇದು ಬೇಗ ನಡೆಯುತ್ತದೆ. ಎಷ್ಟು ಗಾಳಿ ಬೇಕೆಂದು ಚಾಲಕನ ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುತ್ತಾರೆ. ಪೂರ್ತಿ ಜನ ಕೂತಾಗ ಎಷ್ಟೆಂಬುದೂ ಅಲ್ಲೇ ಇರುತ್ತದೆ. ಟೈರು ತಣ್ಣಗಿರುವಾಗ, ಅಂದರೆ ಮನೆ ಹತ್ತಿರದ ಬಂಕಿನಲ್ಲೇ ಹೊಡೆಸಿ. ಸ್ಟೆಪ್ನಿಗೂ ಹೊಡೆಸಿ. ನೈಟ್ರೋಜನ್‌ಗೆ ದುಡ್ಡು ಕೊಡಲೇಬೇಕೆಂದಿಲ್ಲ, ಮಾಮೂಲು ಗಾಳಿಯಲ್ಲೂ ನೂರಕ್ಕೆ 78 ಭಾಗ ಅದೇ.

ಓಡುವಾಗ ಟೈರು ಸಿಡಿದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹೋಗಬಾರದು. ಸ್ಟಿಯರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ವೇಗ ತಾನೇ ಇಳಿದ ಮೇಲೆ ಎಡಕ್ಕೆ ಸರಿಯಬೇಕು.

ಬ್ರೇಕ್ ಆಯಿಲ್ ಕೂಡ ನಿಂತಲ್ಲೇ ಹಾಳಾಗುವ ವಸ್ತು. ಅದು ಗಾಳಿಯ ತೇವವನ್ನು ಹೀರುತ್ತದೆ, ಕುದಿಯುವ ಬಿಂದು ಇಳಿಯುತ್ತದೆ. ಇದರ ಪರೀಕ್ಷೆ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲೇ ಆಗಬಹುದು. ಟಾಪ್ ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಇಳಿಯುತ್ತಾ ಉದ್ದಕ್ಕೂ ಬ್ರೇಕ್ ಒತ್ತಿದರೆ ಆಯಿಲ್ ಕಾದು ಆವಿಯ ಗುಳ್ಳೆಗಳಾಗುತ್ತವೆ; ಪೆಡಲ್ ಮೆತ್ತಗೆ ಕೆಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ ತಾನೇ ಹಿಡಿದುಕೊಳ್ಳುತ್ತದೆ. ಕಾರು ಓಡಿರಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರಿನ ಜೊತೆಗೆ ತಿಂಗಳನ್ನೂ ಬರೆದಿರುತ್ತಾರೆ, ಯಾವುದು ಮೊದಲೋ ಅದೇ ಲೆಕ್ಕ. ಮೈಸೂರಿನ ಕಾರಿಗೆ ಬಹುಪಾಲು ತಿಂಗಳೇ ಮೊದಲು ಬರುತ್ತದೆ.

ಬ್ಯಾಟರಿ ಇಳಿಯದಂತೆ ವಾರಕ್ಕೊಮ್ಮೆ ಅರ್ಧ ಗಂಟೆ ರಿಂಗ್ ರಸ್ತೆಯಲ್ಲಿ ಓಡಿಸಿ ತನ್ನಿ. ನಿಂತಲ್ಲೇ ಐದು ನಿಮಿಷ ಎಂಜಿನ್ ಹಾಕಿಟ್ಟರೆ ಏನೂ ಪ್ರಯೋಜನವಿಲ್ಲ. ಹೊರಡುವ ಮುನ್ನ ಬಾನೆಟ್ ಎತ್ತಿ ಇಲಿ ವೈರು ಕಡಿದಿದೆಯೇ ನೋಡಿ.

ವೇಗದ ಲೆಕ್ಕ ಮನಸ್ಸಿನಲ್ಲಿರಲಿ. ನೂರರಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಐವತ್ತರಲ್ಲಿ ಬ್ರೇಕ್ ಹಿಡಿಯಲು ಬೇಕಾದ ದೂರದ ನಾಲ್ಕರಷ್ಟು ಇಲ್ಲಿ ಬೇಕು. 2019ರ ಜುಲೈ ನಂತರ ತಯಾರಾದ ಕಾರುಗಳು ಎಂಬತ್ತು ದಾಟಿದರೆ ಬೀಪ್ ಎನ್ನುತ್ತವೆ. ಆ ಸದ್ದು ಕಿರಿಕಿರಿಯೆಂದು ಬಂದ್ ಮಾಡಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಊಟಿ ಕಡೆ ಹೊರಟವರು ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆಂದು ಗುಂಡ್ಲುಪೇಟೆ ರಸ್ತೆಯಲ್ಲಿ ಧಾವಿಸುತ್ತಾರೆ. ತಡವಾದರೆ ಗುಂಡ್ಲುಪೇಟೆಯಲ್ಲೇ ಉಳಿದು ಬೆಳಿಗ್ಗೆ ಆರಕ್ಕೆ ಹೊರಡಬಹುದು.

ಹಿಂದಿನ ಸೀಟಿನ ಬೆಲ್ಟು ನಮ್ಮ ಮನೆಗಳಲ್ಲಿ ಸೀಟಿನ ಸಂದಿಗೆ ಸಿಕ್ಕಿ ಕಾಣೆಯಾಗಿರುತ್ತದೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಅಜ್ಜಿಯ ಮಡಿಲಲ್ಲಿ ಕೂಸನ್ನು ಕೂರಿಸುವ ರೂಢಿಯನ್ನಂತೂ ಬಿಡಲೇಬೇಕು. ಡಿಕ್ಕಿಯ ಹೊಡೆತದಲ್ಲಿ ಯಾವ ಕೈಯೂ ಮಗುವನ್ನು ಹಿಡಿದಿಡಲಾರದು.

ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಕೆಟ್ಟರೆ ಎಡ ಅಂಚಿಗೆ ತಂದು ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಬಾಗಿಲಿಂದ ಇಳಿದು ಕಬ್ಬಿಣದ ತಡೆಯ ಆಚೆ ನಿಲ್ಲಿ. ಸ್ಟೆಪ್ನಿ ಬದಲಿಸಲು ಬಲಬದಿಗೆ ಕೂತವರೇ ಹಿಂದಿನಿಂದ ಬಂದ ವಾಹನಕ್ಕೆ ಬಲಿಯಾಗುವುದುಂಟು. ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡಿ, ಗಾಯವಾಗಿದ್ದರೆ 108. ಈ ಎರಡು ಸಂಖ್ಯೆಗಳನ್ನು ಅಪ್ಪ ಅಮ್ಮನ ಫೋನಿನಲ್ಲೂ ಇವತ್ತೇ ಹಾಕಿಕೊಡಿ.