ಸಿಡಿಮದ್ದಿಗೆ ದೂರದಿಂದ ಕಿಡಿ ಮುಟ್ಟಿಸುವ ಯಂತ್ರ

ಬಂಡೆಯನ್ನು ಭೇದಿಸುವ ಶಕ್ತಿಯೆಲ್ಲವೂ ಮದ್ದಿನಲ್ಲಿಯೇ ಅಡಗಿರುವುದರಿಂದ, ಅದಕ್ಕೆ ಕಿಡಿ ಮುಟ್ಟಿಸುವ ಉಪಕರಣವು ಬಲಿಷ್ಠವಾಗಿರಬೇಕಾದುದಿಲ್ಲ; ಬೇಕೆಂದಾಗ ತಪ್ಪದೆ ಕೆಲಸಮಾಡಿ ಬೇಡವೆಂದಾಗ ನಿಶ್ಚೇಷ್ಟಿತವಾಗಿದ್ದರೆ ಸಾಕು. ಗಣಿಗಾರರು ‘ಎಕ್ಸ್‌ಪ್ಲೋಡರ್’ ಎಂದು ಕರೆಯುವ ಕೈಪೆಟ್ಟಿಗೆಯ ಚರಿತ್ರೆಯೆಂದರೆ ಈ ಎರಡು ಗುಣಗಳನ್ನು ಸಾಧಿಸಿದ ಚರಿತ್ರೆಯೇ.

1831ರಲ್ಲಿ ಇಂಗ್ಲೆಂಡಿನ ವಿಲಿಯಂ ಬಿಕ್‌ಫರ್ಡನು ನಿಯತವೇಗದಿಂದ ಉರಿಯುವ ಬತ್ತಿಯನ್ನು ನಿರ್ಮಿಸಿ ಅಸಂಖ್ಯ ಕಾರ್ಮಿಕರ ಪ್ರಾಣವನ್ನುಳಿಸಿದನಾದರೂ, ಬೆಂಕಿ ಹಚ್ಚಿದವನು ಓಡಬೇಕಾದ ಅವಸ್ಥೆಯು ತಪ್ಪಲಿಲ್ಲ. ಮದ್ದು ತುಂಬಿದ ಹಲವು ಕುಳಿಗಳು ಏಕಕಾಲದಲ್ಲಿ ಸಿಡಿಯುವುದೂ ಸಾಧ್ಯವಾಗಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ರಾಬರ್ಟ್ ಹೇರನು ವಿದ್ಯುತ್ಪ್ರವಾಹದಿಂದ ಕೆಂಪಗೆ ಕಾಯುವ ಸೂಕ್ಷ್ಮ ತಂತಿಯನ್ನು ಮದ್ದಿನೊಳಗಿಡುವ ಮಾರ್ಗವನ್ನು ತೋರಿಸಿದನು. 1843ರ ಜನವರಿ 26ರಂದು, ರೈಲುದಾರಿಗೆಂದು, ಡೋವರಿನ ಸಮೀಪದ ರೌಂಡ್ ಡೌನ್ ಕಡಿಬಂಡೆಯೊಳಗೆ ತುಂಬಿದ್ದ 18,500 ಪೌಂಡು ಮದ್ದಿಗೆ ಬ್ಯಾಟರಿಗಳಿಂದ ಒಮ್ಮೆಗೇ ಕಿಡಿ ಮುಟ್ಟಿಸಲಾಗಿ, ಬೆಟ್ಟದ ಮುಖವೇ ಸಮುದ್ರಕ್ಕೆ ಜಾರಿತು. 1885ರಲ್ಲಿ ನ್ಯೂಯಾರ್ಕಿನ ಹಡಗುದಾರಿಯಲ್ಲಿದ್ದ ಫ್ಲಡ್ ರಾಕ್ ಎಂಬ ಬಂಡೆಯನ್ನು ಸಿಡಿಸಿದಾಗ ಗುಂಡಿಯನ್ನೊತ್ತಿದವಳು ಎಂಜಿನಿಯರ್ ಜಾನ್ ನ್ಯೂಟನ್ನನ ಮಗಳಾದ ಮೇರಿ ಎಂಬ ಬಾಲಕಿ.

ಆದರೆ ಆಮ್ಲದ ಬ್ಯಾಟರಿಗಳನ್ನು ಹೊತ್ತು ತಿರುಗುವುದು ಪ್ರಯಾಸಕರ. ಕೈಬಲವನ್ನೇ ವಿದ್ಯುತ್ತಾಗಿಸುವ ಯಂತ್ರವನ್ನು ಅಮೆರಿಕದ ಎಚ್. ಜೂಲಿಯಸ್ ಸ್ಮಿತ್ ರೂಪಿಸಿದನು. ಸಿನಿಮಾಗಳಲ್ಲಿ ನಾವು ಕಾಣುವ, ಹಿಡಿಯನ್ನು ರಭಸದಿಂದ ಕೆಳಕ್ಕೊತ್ತುವ ಪೆಟ್ಟಿಗೆಯು ಈ ಸಂತತಿಯದೇ. ಹಿಡಿಯೊಡನೆ ಹಲ್ಲುಕಂಬಿಯು ಇಳಿಯುತ್ತಾ ಡೈನಮೋವನ್ನು ತಿರುಗಿಸುವುದಾದರೂ, ಕಂಬಿಯು ತಳವನ್ನು ಮುಟ್ಟಿ ಪ್ರವಾಹವು ಪರಾಕಾಷ್ಠೆಗೇರುವವರೆಗೆ ಅದು ಹೊರಗಿನ ತಂತಿಗಳಿಗೆ ಹರಿಯದು. ಏಕೆಂದರೆ, ಮದ್ದಿಗೆ ಕಿಡಿ ಮುಟ್ಟಿಸಲು ಸಾಲಾಗಿ ಜೋಡಿಸಿದ ಡಿಟೋನೇಟರುಗಳಲ್ಲಿ ದುರ್ಬಲ ಪ್ರವಾಹ ಹರಿದರೆ, ಬೇಗ ಕಾಯುವವು ಮೊದಲು ಸಿಡಿದು ದಾರಿಯನ್ನೇ ಕಡಿದುಹಾಕುವುವು. ಉಳಿದವು ಸಿಡಿಯದೆ, ಮುಂದೆ ಕಲ್ಲು ತೆಗೆಯಲು ಬರುವವನಿಗೆ ಅಪಾಯವಾಗಿ ನಿಲ್ಲುವುವು.

ಇಂದಿನ ಯಂತ್ರಗಳಲ್ಲಿ ಕೆಪ್ಯಾಸಿಟರು ವಿದ್ಯುತ್ತನ್ನು ಕೂಡಿಟ್ಟುಕೊಂಡು ಒಮ್ಮೆಲೇ ಬಿಟ್ಟುಕೊಡುವುದು. ಕಲ್ಲಿದ್ದಲ ಗಣಿಗಳಲ್ಲಂತೂ, ಹರಿದ ತಂತಿಯ ಕಿಡಿಯಿಂದ ಮೀಥೇನು ಹೊತ್ತಿಕೊಳ್ಳದಂತೆ, ಆ ಪ್ರವಾಹವು ಕೆಲವೇ ಮಿಲಿಸೆಕೆಂಡುಗಳಲ್ಲಿ ನಿಂತುಹೋಗುವ ಏರ್ಪಾಡೂ ಉಂಟು. ಇಷ್ಟು ಜಾಣ ಯಂತ್ರಕ್ಕೂ ಬಂಡೆಯ ಮರೆಯಲ್ಲಿ ಮನುಷ್ಯನಿರುವನೋ ಇಲ್ಲವೋ ತಿಳಿಯದು. ಆದುದರಿಂದಲೇ ಅದರ ಕೀಲಿಯನ್ನು ಬೇರ್ಪಡಿಸಿ, ಮದ್ದು ಸಿಡಿಸುವ ಅಧಿಕಾರವುಳ್ಳ ಶಾಟ್‌ಫೈರರನೊಬ್ಬನ ವಶದಲ್ಲಿಯೇ ಇಡುವರು. ಎಲ್ಲರೂ ದೂರ ಸರಿದಿರುವರೆಂದು ಕಣ್ಣಾರೆ ನೋಡಿಕೊಳ್ಳುವ ಹೊಣೆಯೂ ಅವನದೇ.