ಭಾರತ ತಂಡಕ್ಕೆ ಚೆಂಡೆಸೆಯುವ ಕೈ: ಹುಬ್ಬಳ್ಳಿ ಬಸ್ ನಿಲ್ದಾಣದಿಂದ ಬಾರ್ಬಡೋಸ್‌ವರೆಗೆ

ನಮ್ಮ ಅಣ್ಣಿಗೇರಿ, ನವಲಗುಂದ ಕಡೆ ಭಾರತದ ಮ್ಯಾಚ್ ಇದ್ದ ದಿನ ಚಹಾದಂಗಡಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಟೀಮಿನ್ಯಾಗ ನಮ್ಮ ಕಡೆಯವ್ರು ಯಾರರ ಅದಾರೇನ್ರೀ?" ಯಾರೋ ಒಬ್ಬರು ಕೆ.ಎಲ್. ರಾಹುಲ್ ಹೆಸರು ಹೇಳುತ್ತಾರೆ. "ಅಂವ ಮಂಗಳೂರು, ಬೆಂಗಳೂರು ಕಡೆಯಂವ, ನಮ್ಮ ಕಡೆಯಂವ ಅಲ್ಲ ಬಿಡ್ರಿ" ಅಂತ ಇನ್ನೊಬ್ಬರು ತಳ್ಳಿಹಾಕುತ್ತಾರೆ. ಸ್ವಲ್ಪ ವಯಸ್ಸಾದವರಿದ್ದರೆ ಗದುಗಿನ ಸುನೀಲ್ ಜೋಶಿ ನೆನಪಾಗುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ 2011ರಿಂದ ಭಾರತ ತಂಡದ ಜೊತೆಗೇ ಊರೂರು ಸುತ್ತುತ್ತಿರುವ, ಕ್ರಿಕೆಟ್ ಬದುಕನ್ನು ಹುಬ್ಬಳ್ಳಿಯಲ್ಲೇ ಶುರುಮಾಡಿದ ಒಬ್ಬರಿದ್ದಾರೆ. ಸ್ಕೋರ್‌ಕಾರ್ಡಿನಲ್ಲಿ ಅವರ ಹೆಸರು ಒಮ್ಮೆಯೂ ಬಂದಿಲ್ಲ, ಬರುವುದೂ ಇಲ್ಲ. ಅವರು ರಾಘವೇಂದ್ರ. ತಂಡದವರಿಗೆ ರಘು. ಕೆಲಸದ ಹೆಸರು ಥ್ರೋಡೌನ್ ಸ್ಪೆಷಲಿಸ್ಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬ್ಯಾಟ್ಸ್‌ಮನ್‌ಗಳ ಅಭ್ಯಾಸಕ್ಕೆ ಚೆಂಡು ಎಸೆದು ಕೊಡುವವರು.

"ಚೆಂಡು ಒಗಿಯೂದೂ ಒಂದು ಕೆಲಸೇನು?" ಅಂತ ಕೇಳುವವರಿದ್ದಾರೆ. ಅದು ಎಂಥ ಕೆಲಸ, ಅಲ್ಲಿಗೆ ನಮ್ಮ ಕಡೆಯಿಂದ ಇರುವ ದಾರಿ ಎಂಥದ್ದು ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಕವಣೆಯ ಲೆಕ್ಕ

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಲೆಕ್ಕದಿಂದಲೇ ಶುರುಮಾಡುತ್ತೇನೆ. ಪಿಚ್‌ನ ಒಂದು ಕ್ರೀಸಿನಿಂದ ಇನ್ನೊಂದು ಕ್ರೀಸಿಗೆ ಸುಮಾರು 17.7 ಮೀಟರ್. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ 40 ಮೀಟರ್ ಓಡುತ್ತದೆ. ಗಾಳಿಯ ತಡೆ, ಪುಟಿತ ಎಲ್ಲ ಬಿಟ್ಟು ಲೆಕ್ಕ ಹಾಕಿದರೆ ಬ್ಯಾಟ್ಸ್‌ಮನ್‌ಗೆ ಸಿಗುವ ಸಮಯ 0.44 ಸೆಕೆಂಡ್. ಅದೇ 125 ಕಿ.ಮೀ. ವೇಗದ ಚೆಂಡಾದರೆ 0.51 ಸೆಕೆಂಡ್. ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಒಳ್ಳೆಯ ಬ್ಯಾಟ್ಸ್‌ಮನ್‌ಗೂ ಅಪ್ಪಟ ವೇಗಕ್ಕೆ ಎದೆಗೊಟ್ಟು ನಿಲ್ಲುವ ಬ್ಯಾಟ್ಸ್‌ಮನ್‌ಗೂ ನಡುವಿನ ಅಂತರವೆಲ್ಲ ಈ ಅರೆಗಳಿಗೆಯಲ್ಲೇ ಇದೆ.

ಇದನ್ನು ಅಭ್ಯಾಸ ಮಾಡುವುದು ಹೇಗೆ? 145ರ ವೇಗದ ಬೌಲರ್‌ಗಳು ಹೆಚ್ಚು ಜನರಿರುವುದಿಲ್ಲ. ಇದ್ದವರ ಬೆನ್ನು, ಮೊಣಕಾಲುಗಳನ್ನು ಮ್ಯಾಚಿಗೆ ಕಾಪಾಡಿಕೊಳ್ಳಬೇಕು, ನೆಟ್ಸ್‌ನಲ್ಲಿ ಸವೆಸಲು ಆಗುವುದಿಲ್ಲ. ಬೌಲಿಂಗ್ ಯಂತ್ರ ಇದೆ, ನಿಜ. ತಿರುಗುವ ಚಕ್ರಗಳ ನಡುವೆ ಚೆಂಡು ಹಾಕಿದರೆ ಬೇಕಾದ ವೇಗದಲ್ಲಿ ಚಿಮ್ಮುತ್ತದೆ. ಆದರೆ ಯಂತ್ರಕ್ಕೆ ಕೈಯಿಲ್ಲ. ಬ್ಯಾಟ್ಸ್‌ಮನ್ ಚೆಂಡನ್ನಷ್ಟೇ ನೋಡುವುದಿಲ್ಲ. ಬೌಲರ್‌ನ ಭುಜ, ಮಣಿಕಟ್ಟು, ಚೆಂಡು ಬಿಡುವ ಎತ್ತರ ಎಲ್ಲವನ್ನೂ ಓದಿ, ಚೆಂಡು ಕೈಬಿಡುವ ಮೊದಲೇ ಅರ್ಧ ಅಂದಾಜು ಮಾಡಿರುತ್ತಾನೆ. ಯಂತ್ರದ ಮುಂದೆ ಆ ಓದು ನಡೆಯುವುದಿಲ್ಲ.

ಇಲ್ಲಿ ಬಂದದ್ದು ಸೈಡ್ ಆರ್ಮ್. ಉದ್ದನೆಯ ಹಿಡಿ, ತುದಿಯಲ್ಲಿ ಚೆಂಡು ಕೂರುವಷ್ಟು ಬಟ್ಟಲು. ನೋಡಲು ದೊಡ್ಡ ಸೌಟಿನ ಹಾಗೆ. ನಮ್ಮ ಎರಿಹೊಲದಲ್ಲಿ ಜೋಳ ತೆನೆಗಟ್ಟಿದಾಗ ಹಕ್ಕಿ ಓಡಿಸಲು ಕವಣಿ ಬೀಸುವುದನ್ನು ನೋಡಿದವರಿಗೆ ಇದರ ತತ್ವ ಹೇಳಿಕೊಡಬೇಕಿಲ್ಲ. ಸುತ್ತುವ ವಸ್ತುವಿನ ತುದಿಯ ವೇಗ ಅದರ ಉದ್ದದ ಮೇಲೆ ನಿಂತಿರುತ್ತದೆ. ತೋಳಿನ ಉದ್ದ 70 ಸೆಂ.ಮೀ. ಎಂದುಕೊಳ್ಳಿ. ಅದಕ್ಕೆ ಒಂದು ಮೊಳದ ಹಿಡಿ ಸೇರಿಸಿದರೆ ಉದ್ದ ಒಂದೂವರೆ ಪಟ್ಟು ದಾಟುತ್ತದೆ. ತೋಳು ಅದೇ ಬಿರುಸಿನಲ್ಲಿ ತಿರುಗಿದರೆ ಚೆಂಡಿನ ವೇಗವೂ ಅಷ್ಟೇ ಪಟ್ಟು ಏರುತ್ತದೆ. ವೇಗ ಸಾಲದಿದ್ದರೆ ಎಸೆಯುವವರು ಎರಡೂವರೆ ಮೀಟರ್ ಹತ್ತಿರ ಬಂದು ನಿಲ್ಲಬಹುದು. 125ರ ಚೆಂಡು ಆಗ 145ರಷ್ಟೇ ಸಮಯ ಕೊಡುತ್ತದೆ. ಮ್ಯಾಚಿನಲ್ಲಿ ಚೆಂಡು ಎಸೆದರೆ ಅಂಪೈರ್ ನೋಬಾಲ್ ಕೊಡುತ್ತಾರೆ. ನೆಟ್ಸ್‌ನಲ್ಲಿ ಅದೇ ಎಸೆತಕ್ಕೆ ಕೈಮುಗಿಯುತ್ತಾರೆ.

ಕೇಳಲು ಸುಲಭ. ಕವಣಿಯಿಂದ ಕಲ್ಲು ಬೀಸುವವರು ಸಾವಿರ ಜನ, ಗುರಿ ಮುಟ್ಟಿಸುವವರು ಹತ್ತು ಜನ. ಸೀಮ್ ನೆಟ್ಟಗೆ ಇಟ್ಟು, ಹೇಳಿದ ಜಾಗಕ್ಕೆ, ಹೇಳಿದ ಎತ್ತರಕ್ಕೆ, ದಿನಕ್ಕೆ ನೂರಾರು ಚೆಂಡು, ವರ್ಷಗಟ್ಟಲೆ ಎಸೆಯುವುದು ಬೇರೆಯೇ ವಿದ್ಯೆ. 2020ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ತಮೀಮ್ ಇಕ್ಬಾಲ್ ಜೊತೆ ನೇರಪ್ರಸಾರದಲ್ಲಿ ಮಾತಾಡುತ್ತ ವಿರಾಟ್ ಕೊಹ್ಲಿ, 2013ರ ನಂತರ ಭಾರತ ತಂಡ ವೇಗದ ಬೌಲಿಂಗನ್ನು ಸುಧಾರಿಸಿಕೊಂಡು ಆಡುತ್ತಿರುವುದರ ಶ್ರೇಯವನ್ನು ರಘು ಅವರಿಗೆ ಕೊಟ್ಟರು. ಅವರ ಎಸೆತ 150 ಕಿ.ಮೀ. ದಾಟುತ್ತದೆ ಎಂದೂ ಹೇಳಿದರು.

ಹುಬ್ಬಳ್ಳಿಯ ಆ ವರ್ಷಗಳು

ರಾಘವೇಂದ್ರ ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲಲ್ಲ, ಉತ್ತರ ಕನ್ನಡದ ಕುಮಟಾದಲ್ಲಿ. ಆದರೆ ಕರಾವಳಿಯ ಆ ಭಾಗದ ಹುಡುಗನಿಗೆ ಕ್ರಿಕೆಟ್ ಅಂದರೆ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಸಿಗುವ ಹುಬ್ಬಳ್ಳಿಯೇ ಹತ್ತಿರ. ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದ ಕೇಂದ್ರ ಅದು.

ಅವರ ಬಗ್ಗೆ ಪ್ರಕಟವಾಗಿರುವ ವರದಿಗಳು ಹೇಳುವ ಕಥೆ ಹೀಗಿದೆ. ಮನೆಯಲ್ಲಿ ಕ್ರಿಕೆಟ್ ಹುಚ್ಚಿಗೆ ವಿರೋಧ ಬಂದಾಗ ಜೇಬಿನಲ್ಲಿ 21 ರೂಪಾಯಿ ಇಟ್ಟುಕೊಂಡು ಹುಡುಗ ಹೊರಟುಬಂದ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಒಂದು ವಾರ ಮಲಗಿದ. ಪೊಲೀಸರು ಎಬ್ಬಿಸಿದ ಮೇಲೆ ಗುಡಿಯೊಂದರಲ್ಲಿ ಕೆಲವು ದಿನ. ಆಮೇಲೆ ಸ್ಮಶಾನದಲ್ಲಿದ್ದ ಪಾಳುಕಟ್ಟಡ. ಕ್ರಿಕೆಟ್ ಮ್ಯಾಟ್ ಹೊದ್ದುಕೊಂಡು ಅಲ್ಲಿ ಕಳೆದದ್ದು ನಾಲ್ಕೂವರೆ ವರ್ಷ. ನಡುವೆ ಬಲಗೈ ಮುರಿದು ಬೌಲರ್ ಆಗುವ ಆಸೆಯೂ ಮುಗಿಯಿತು. ಆಟ ಬಿಡಲಿಲ್ಲ, ಆಟದವರಿಗೆ ಚೆಂಡು ಎಸೆದು ಕೊಡಲು ನಿಂತರು.

ಗೆಳೆಯರೊಬ್ಬರ ಸಲಹೆಯಂತೆ ಬೆಂಗಳೂರಿಗೆ ಹೋಗಿ ಕ್ರಿಕೆಟ್ ತರಬೇತಿ ಸಂಸ್ಥೆಯೊಂದರಲ್ಲಿ ಸೇರಿಕೊಂಡರು. ಕರ್ನಾಟಕದ ವಿಕೆಟ್‌ಕೀಪರ್ ತಿಲಕ್ ನಾಯ್ಡು ಅವರ ಕಣ್ಣಿಗೆ ಬಿದ್ದರು. ತಿಲಕ್ ಅವರಿಂದ ಜಾವಗಲ್ ಶ್ರೀನಾಥ್, ಶ್ರೀನಾಥ್ ಅವರಿಂದ ರಾಜ್ಯದ ರಣಜಿ ತಂಡ. ಅಲ್ಲಿಂದ ಮುಂದೆ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2011ರಲ್ಲಿ ಭಾರತ ತಂಡ. ಬೆಂಗಳೂರಿಗೆ ಹೋದ ಮೇಲೂ ಮೂರು–ನಾಲ್ಕು ವರ್ಷ ಸಂಬಳವಿಲ್ಲದೆ ದುಡಿದರು ಎಂದು ಅದೇ ವರದಿಗಳು ಹೇಳುತ್ತವೆ.

2022ರ ಟಿ20 ವಿಶ್ವಕಪ್‌ನಲ್ಲಿ ಅಡಿಲೇಡ್‌ನ ಬಾಂಗ್ಲಾದೇಶ ಪಂದ್ಯದ ನಡುವೆ ಮಳೆ ಬಂದಿತ್ತು. ಆಟ ಮತ್ತೆ ಶುರುವಾದಾಗ ಆಟಗಾರರ ಬೂಟಿನ ಕೆಸರು ತೆಗೆಯಲು ಕೈಯಲ್ಲಿ ಬ್ರಷ್ ಹಿಡಿದು ಬೌಂಡರಿ ಸುತ್ತ ಓಡಾಡಿದ ವ್ಯಕ್ತಿ ನೆನಪಿದ್ದಾರಾ? ಅವರೇ ಇವರು. ಈಗ ಭಾರತ ತಂಡದಲ್ಲಿ ಈ ಕೆಲಸಕ್ಕೆ ಇವರೊಬ್ಬರೇ ಅಲ್ಲ. ಎಡಗೈ ವೇಗಿಗಳ ಅಭ್ಯಾಸಕ್ಕೆ ಶ್ರೀಲಂಕಾದ ನುವಾನ್ ಸೇನೆವಿರತ್ನೆ ಸೇರಿಕೊಂಡರು, ಆಮೇಲೆ ಬಂಗಾಳದ ದಯಾನಂದ ಗರಾನಿ ಬಂದರು. ನುವಾನ್ ಒಂದು ಕಾಲಕ್ಕೆ ಕೊಲಂಬೊದಲ್ಲಿ ಶಾಲಾ ವಾಹನ ಓಡಿಸುತ್ತಿದ್ದವರು.

ಅಣ್ಣಿಗೇರಿ ಮೇಲೆ ಹಾದುಹೋದ ರೈಲು

ಚಹಾದಂಗಡಿಯ ಹಿರಿಯರು ಹೇಳುವ ಸುನೀಲ್ ಜೋಶಿ ಅವರ ದಾರಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಗದಗದಲ್ಲಿ ಅಭ್ಯಾಸಕ್ಕೆ ತಕ್ಕ ಅನುಕೂಲ ಇರಲಿಲ್ಲ. ಶಾಲಾ ಹುಡುಗ ಜೋಶಿ ನಸುಕಿನಲ್ಲಿ ಹೊರಟು, ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. ಗದಗ–ಹುಬ್ಬಳ್ಳಿ ರೈಲು ಹಾದುಹೋಗುವುದು ನಮ್ಮ ಅಣ್ಣಿಗೇರಿ ಮೇಲೆಯೇ.

ಆ ಓಡಾಟದ ಫಲ ದಾಖಲೆಯಲ್ಲಿದೆ. ಕರ್ನಾಟಕ ರಣಜಿ ಗೆದ್ದ 1995–96ರ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ನಡೆದ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ 92 ರನ್, ಮೊದಲ ಇನಿಂಗ್ಸ್‌ನಲ್ಲೇ ಐದು ವಿಕೆಟ್. ಹದಿನೇಳು ವರ್ಷ ಬಿಟ್ಟು ಅದೇ ಬಾಂಗ್ಲಾದೇಶಕ್ಕೆ ಸ್ಪಿನ್ ಕೋಚ್ ಆಗಿ ಹೋದರು. 2014ರ ಡಿಸೆಂಬರ್‌ನಲ್ಲಿ ಜಮ್ಮು–ಕಾಶ್ಮೀರ ತಂಡ ಮುಂಬೈಯನ್ನು ವಾಂಖೆಡೆಯಲ್ಲೇ ಸೋಲಿಸಿದಾಗ ಆ ತಂಡದ ಕೋಚ್ ಇವರೇ. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಇಬ್ಬರ ದಾರಿ ಬೇರೆ, ಆದರೆ ಒಂದು ಅಂಶ ಒಂದೇ. ಇಬ್ಬರೂ ಹುಬ್ಬಳ್ಳಿ ಮುಟ್ಟಲೇಬೇಕಿತ್ತು. ಒಬ್ಬರಿಗೆ ಹಿಂತಿರುಗಲು ಒಂದು ಮನೆ ಇತ್ತು. ಇನ್ನೊಬ್ಬರಿಗೆ ಅದೂ ಇರಲಿಲ್ಲ.

ಮೇಲೆ ಕೋಟಿ, ಕೆಳಗೆ ಸೊನ್ನೆ

2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದ ಮೇಲೆ ಕ್ರಿಕೆಟ್ ಮಂಡಳಿ 125 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಅದರಲ್ಲಿ ಮೂವರು ಥ್ರೋಡೌನ್ ಸ್ಪೆಷಲಿಸ್ಟ್‌ಗಳಿಗೂ ತಲಾ 2 ಕೋಟಿ ಎಂದು ವರದಿಯಾಯಿತು. ನ್ಯಾಯವೇ. ಅಂದರೆ ಮೇಲಿನ ಮಟ್ಟದಲ್ಲಿ ಈ ಕೆಲಸಕ್ಕೆ ಬೆಲೆ ಇದೆ ಎಂದು ಆಟ ಒಪ್ಪಿಕೊಂಡಿದೆ. ನನ್ನ ತಕರಾರು ಕೆಳಗಿನ ಮಟ್ಟದ್ದು.

ಕ್ರಿಕೆಟ್ ಅಲ್ಲದ ಒಂದು ಉದಾಹರಣೆ ನೋಡೋಣ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಂದು ತಂಡಕ್ಕೆ 53 ಆಟಗಾರರು. ಅದರ ಹೊರಗೆ ‘ಪ್ರಾಕ್ಟೀಸ್ ಸ್ಕ್ವಾಡ್’ ಅಂತ ಇನ್ನೊಂದು 16 ಮಂದಿ. ಮುಂದಿನ ವಾರದ ಎದುರಾಳಿ ಹೇಗೆ ಓಡುತ್ತಾನೆ, ಹೇಗೆ ಎಸೆಯುತ್ತಾನೆ ಎಂಬುದನ್ನು ಅಭ್ಯಾಸದಲ್ಲಿ ಹಾಗೆಯೇ ಆಡಿ ತೋರಿಸುವುದು ಅವರ ಮುಖ್ಯ ಕೆಲಸಗಳಲ್ಲೊಂದು. ರಘು ನೆಟ್ಸ್‌ನಲ್ಲಿ ರಬಾಡ ಆಗುತ್ತಾರಲ್ಲ, ಹಾಗೆ. ಅವರಲ್ಲಿ ಅನೇಕರ ಹೆಸರು ಅಭಿಮಾನಿಗಳಿಗೂ ಗೊತ್ತಿರುವುದಿಲ್ಲ. ಆದರೆ ಅವರ ವಾರದ ಕನಿಷ್ಠ ಸಂಬಳ ಎಷ್ಟು ಎಂಬುದು ತಂಡದ ಮಾಲೀಕರಿಗೂ ಆಟಗಾರರ ಸಂಘಕ್ಕೂ ನಡುವಿನ ಒಪ್ಪಂದದಲ್ಲೇ ಬರೆದಿದೆ. ಅದು ಯಾರ ದಯೆಯೂ ಅಲ್ಲ.

ನಮ್ಮಲ್ಲಿ? ತಾಲೂಕು, ಜಿಲ್ಲಾ ಮಟ್ಟದ ನೆಟ್ಸ್‌ನಲ್ಲಿ ಚೆಂಡು ಎಸೆಯುವ, ನೆಲಕ್ಕೆ ನೀರು ಹಾಕುವ, ಮ್ಯಾಟ್ ಹಾಸಿ ಸುತ್ತಿಡುವ ಹುಡುಗರಿಗೆ ಬಹಳಷ್ಟು ಕಡೆ ಸಿಗುವುದು ಚಹಾ ಮತ್ತು "ಮುಂದ ನೋಡೂಣು" ಎಂಬ ಮಾತು. ಹೀಗೆ ಐದಾರು ವರ್ಷ ಪುಕ್ಕಟೆ ದುಡಿಯಲು ಯಾರಿಗೆ ಸಾಧ್ಯ? ಮನೆಯಲ್ಲಿ ಅನುಕೂಲ ಇದ್ದವರಿಗೆ, ಇಲ್ಲವೇ ಸ್ಮಶಾನದಲ್ಲಿ ಮಲಗಲೂ ತಯಾರಿರುವವರಿಗೆ. ನಡುವಿನವರೆಲ್ಲ ಬಿಟ್ಟುಹೋಗುತ್ತಾರೆ. ಕುಂದಗೋಳದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಆಳು ಸಿಗದ ವಾರ ಮಗ ನೆಟ್ಸ್‌ಗೆ ಹೊರಟರೆ ಯಾವ ಅಪ್ಪ ತಾನೆ ಸುಮ್ಮನಿರುತ್ತಾನೆ? ಮಗಳು ನಸುಕಿನಲ್ಲಿ ಒಬ್ಬಳೇ ಬಸ್ ಹತ್ತುತ್ತೇನೆಂದರೆ ಆ ಪ್ರಶ್ನೆ ಇನ್ನೂ ದೊಡ್ಡದು.

ರಘು ಕಥೆ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗಲೆಲ್ಲ ಕೆಳಗೆ "ಛಲ ಇದ್ದರೆ ಸಾಕು" ಎಂದು ಬರೆದಿರುತ್ತದೆ. ನನಗೆ ಆ ಸಾಲು ಓದಿದರೆ ಕಿರಿಕಿರಿ. ಅವರ ಛಲದ ಬಗ್ಗೆ ಎರಡು ಮಾತಿಲ್ಲ. ಆದರೆ ಕ್ರಿಕೆಟ್ ಕಲಿಯಲು ಬಂದ ಹುಡುಗನಿಗೆ ಉತ್ತರ ಕರ್ನಾಟಕದ ಅತಿ ದೊಡ್ಡ ನಗರದಲ್ಲಿ ನಾಲ್ಕೂವರೆ ವರ್ಷ ಒಂದು ಹಾಸಿಗೆ ಸಿಗಲಿಲ್ಲ ಎಂಬುದನ್ನು ಸ್ಫೂರ್ತಿಯ ಕಥೆ ಅಂತ ಓದುವುದು ಹೇಗೆ? ಒಬ್ಬರು ದಾಟಿ ಬಂದದ್ದು ನಮಗೆ ಗೊತ್ತು. ದಾಟಲಾಗದೆ ಊರಿಗೆ ವಾಪಸಾದವರ ಲೆಕ್ಕ ಯಾವ ಸ್ಕೋರ್‌ಕಾರ್ಡಿನಲ್ಲೂ ಇಲ್ಲ.

ಆಗಬೇಕಾದದ್ದು ದೊಡ್ಡ ಸ್ಟೇಡಿಯಂ ಅಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಲ್ಲಿ ಒಂದೊಂದು ಸಿಮೆಂಟ್ ಪಿಚ್, ಮೇಲೆ ಮ್ಯಾಟ್, ಸುತ್ತ ಬಲೆ. ಮಳೆಯಲ್ಲಿ ಅಂಟುವ, ಬೇಸಿಗೆಯಲ್ಲಿ ಬಿರಿಯುವ ನಮ್ಮ ಎರಿಮಣ್ಣಿನ ಮೇಲೆ ವರ್ಷವಿಡೀ ಲೆದರ್ ಚೆಂಡು ಆಡಲು ಅದೇ ಅಗ್ಗದ ದಾರಿ. ಜೊತೆಗೆ ಎರಡು ಸೈಡ್ ಆರ್ಮ್; ಒಳ್ಳೆಯ ಇಂಗ್ಲಿಷ್ ವಿಲೋ ಬ್ಯಾಟಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಅದನ್ನು ಎಸೆಯಲು ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿಗೆ ತಿಂಗಳಿಗೆ ಇಂತಿಷ್ಟು ಎಂದು ಸಂಬಳ. ಹುಬ್ಬಳ್ಳಿಗೆ ಹೋಗಲೇಬೇಕಾದವರಿಗೆ ಅಲ್ಲಿ ಒಂದಿಪ್ಪತ್ತು ಹಾಸಿಗೆಯ ವಸತಿ. ವಿಶ್ವಕಪ್ ಗೆದ್ದಾಗ 125 ಕೋಟಿ ಹಂಚಬಲ್ಲ ಆಟಕ್ಕೆ ಇದು ಭಾರವಲ್ಲ. ರಾಜ್ಯ ಸಂಸ್ಥೆ, ಜಿಲ್ಲಾಡಳಿತ, ಶಾಸಕರ ನಿಧಿ, ಯಾರು ಮೊದಲು ಎಂಬ ಲೆಕ್ಕ ಆಮೇಲೆ ಹಾಕಿಕೊಳ್ಳಲಿ.

ಮುಂದಿನ ಸಲ ರೋಹಿತ್ ಶರ್ಮಾ ಪುಲ್ ಶಾಟ್ ಹೊಡೆದಾಗ, ಆ ಶಾಟಿಗಾಗಿ ನೆಟ್ಸ್‌ನಲ್ಲಿ ಸಾವಿರಾರು ಚೆಂಡು ಎಸೆದ ಕೈಗಳಲ್ಲಿ ಒಂದು ಹುಬ್ಬಳ್ಳಿಯಲ್ಲಿ ಪಳಗಿದ್ದು ಅಂತ ಪಕ್ಕದವರಿಗೆ ಹೇಳಿ. ಹೇಳಿದ ಮೇಲೆ ನಿಮ್ಮ ತಾಲೂಕಿನ ಮೈದಾನದಲ್ಲಿ ಚೆಂಡು ಎಸೆಯುತ್ತಿರುವ ಹುಡುಗನಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ ಅಂತಲೂ ಒಮ್ಮೆ ವಿಚಾರಿಸಿ.